ಕೆರೆಯ ಏರಿಯಿಂದ ಬೆಟ್ಟದ ನೆತ್ತಿಗೆ: ಮನೆಮಂದಿಯೊಡನೆ ಮೈಸೂರಿನಲ್ಲಿ ನಡೆಯೋಣ

ನಮ್ಮ ಭಾಷೆಯಲ್ಲಿ ‘ನಡೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಕಾಲಿನಿಂದ ಹೆಜ್ಜೆ ಹಾಕುವುದೂ ನಡೆಯೇ, ಬಾಳಿನಲ್ಲಿ ತೋರುವ ನಡತೆಯೂ ನಡೆಯೇ. ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿದ ಹಿರಿಯರು, ನಡೆಯುವವನಿಗೆ ನೆಲದ ಪರಿಚಯವಾಗುತ್ತದೆ, ನೆಲದ ಪರಿಚಯವುಳ್ಳವನು ಅದನ್ನು ಕೆಡಿಸಲಾರ ಎಂಬುದನ್ನು ಅರಿತಿದ್ದರೆಂದೇ ನಮಗೆ ತೋರುತ್ತದೆ.

ಇಂದು ಮೈಸೂರಿನ ಅನೇಕ ಮಕ್ಕಳಿಗೆ ಚಾಮುಂಡಿ ಬೆಟ್ಟವೆಂದರೆ ಕಾರಿನ ಕಿಟಕಿಯಾಚೆ ಸರಿದುಹೋಗುವ ಹಸಿರು. ಕೆರೆಯೆಂದರೆ ಬಸ್ಸಿನ ತಂಗುದಾಣದ ಹೆಸರು. ಆದರೆ ಬೆಟ್ಟವನ್ನೂ ಕೆರೆಗಳನ್ನೂ ಮನೆಬಾಗಿಲಲ್ಲೇ ಪಡೆದಿರುವ ನಗರಗಳು ನಾಡಿನಲ್ಲಿ ಹೆಚ್ಚಿಲ್ಲ. ಪ್ರವಾಸದ ಖರ್ಚಿಲ್ಲದೆ, ಒಂದು ಭಾನುವಾರದ ಬೆಳಗಿನಲ್ಲಿ ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂಡಿ ಹೋಗಿಬರಬಹುದಾದ ನಾಲ್ಕು ದಾರಿಗಳನ್ನು ಸುಲಭದಿಂದ ಕಠಿಣದ ಕ್ರಮದಲ್ಲಿ ಇಲ್ಲಿ ವಿವರಿಸಿದ್ದೇವೆ.

ಕುಕ್ಕರಹಳ್ಳಿ ಕೆರೆಯ ಏರಿ

ನಡಿಗೆಯ ಅಭ್ಯಾಸವಿಲ್ಲದ ಕುಟುಂಬ ಇಲ್ಲಿಂದಲೇ ಆರಂಭಿಸುವುದು ಲೇಸು. ಹುಣಸೂರು ರಸ್ತೆಗೂ ಬೋಗಾದಿ ರಸ್ತೆಗೂ ನಡುವೆ ಇರುವ ಈ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ನಗರದ ಹೊರವಲಯದ ಹೊಲಗದ್ದೆಗಳ ನೀರಾವರಿಗಾಗಿ ಕಟ್ಟಿಸಿದರು. ಹೊಲಗದ್ದೆಗಳು ಬಡಾವಣೆಗಳಾದವು, ಕೆರೆ ಮಾತ್ರ ಉಳಿಯಿತು. ಮರಗಳ ನೆರಳಿನ ಸಮತಟ್ಟಾದ ದಾರಿಯಲ್ಲಿ, ಮಕ್ಕಳ ಹೆಜ್ಜೆಗೆ ತಕ್ಕಂತೆ ನಿಂತು ನಿಂತು ನಡೆದರೂ ಒಂದು ಸುತ್ತಿಗೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಸಾಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳನ್ನು ಇಲ್ಲಿ ದುರ್ಬೀನಿಲ್ಲದೆಯೂ ಗುರುತಿಸಬಹುದು.

ರಾಷ್ಟ್ರಕವಿ ಕುವೆಂಪು ಅವರು ನಿತ್ಯ ವಾಯುಸಂಚಾರಕ್ಕೆ ಬರುತ್ತಿದ್ದುದು ಇದೇ ಏರಿಗೆ. ಪಕ್ಕದ ವಿಶ್ವವಿದ್ಯಾನಿಲಯದ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ಪಠ್ಯಪುಸ್ತಕದ ಕವಿ ನಡೆದ ನೆಲದಲ್ಲಿ ತಾನೂ ನಡೆಯುತ್ತಿದ್ದೇನೆಂದು ತಿಳಿದ ಮಗುವಿಗೆ ಕವಿತೆಯೂ ಹತ್ತಿರವಾಗುತ್ತದೆ. ಏರಿಯು ನಡೆಯುವವರದು, ಸೈಕಲ್ಲುಗಳು ಹೊರಗೇ ಇರಲಿ.

ಲಿಂಗಾಂಬುಧಿ ಕೆರೆ

ನಗರದ ನೈಋತ್ಯಕ್ಕೆ, ರಾಮಕೃಷ್ಣನಗರದ ಆಚೆ ಇರುವ ಈ ಕೆರೆ ಕುಕ್ಕರಹಳ್ಳಿಗಿಂತಲೂ ಹಳೆಯದು. 1828ರಲ್ಲಿ ಮುಮ್ಮಡಿಯವರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಸ್ಮರಣೆಗಾಗಿ ಇದನ್ನು ಕಟ್ಟಿಸಿದರು. ಸತಿಯ ನೆನಪಿಗೆ ಗೋಪುರವನ್ನು ಕಟ್ಟದೆ ದನಕರುಗಳು, ಹಕ್ಕಿಗಳು, ರೈತರು ಎಲ್ಲರೂ ನೀರು ಕುಡಿಯುವ ಕೆರೆಯನ್ನು ಕಟ್ಟಿಸಿದ್ದು ಎಂಥ ಔಚಿತ್ಯ! ಮನೆಯ ಹಿರಿಯರ ಸ್ಮರಣೆಗೆ ಏನು ಮಾಡೋಣವೆಂದು ಯೋಚಿಸುವ ಕುಟುಂಬಗಳಿಗೆ ಇದೊಂದು ಪಾಠ.

ಇಲ್ಲಿಯ ದಾರಿಯಲ್ಲಿ ಜನಸಂದಣಿ ಕಡಿಮೆ, ಪೊದೆಗಾಡು ಹೆಚ್ಚು. ಮಣ್ಣಿನ ದಾರಿಯಾದ್ದರಿಂದ ಮಂಡಿನೋವಿನ ಹಿರಿಯರಿಗೂ ಹಿತ. ಮಳೆಗಾಲದಲ್ಲಿ ದಾರಿಬಿಟ್ಟು ಹುಲ್ಲಿಗಿಳಿಯದಂತೆ ಮಕ್ಕಳನ್ನು ಎಚ್ಚರಿಸಬೇಕು. ಹಾವುಗಳ ಮನೆಯೂ ಅದೇ.

ಕಾರಂಜಿಯಿಂದ ಲಲಿತಮಹಲಿನತ್ತ ಸೈಕಲ್ ಸವಾರಿ

ಹಿಂದೊಮ್ಮೆ ಮೈಸೂರು ಸೈಕಲ್ಲುಗಳ ಊರಾಗಿತ್ತು. ಗುಮಾಸ್ತರೂ ಅಧ್ಯಾಪಕರೂ ಸೈಕಲ್ಲಿನಲ್ಲೇ ಕಚೇರಿಗೆ, ಶಾಲೆಗೆ ಹೋಗುತ್ತಿದ್ದರು. ಆ ಅಭ್ಯಾಸವನ್ನು ಮರಳಿ ತರುವ ಆಶಯದಿಂದ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಇಲ್ಲಿ ಆರಂಭಗೊಂಡಾಗ ದೇಶವೇ ಮೈಸೂರಿನತ್ತ ನೋಡಿತು.

ಮೃಗಾಲಯದ ಬಳಿಯ ಕಾರಂಜಿ ಕೆರೆಯಿಂದ ಲಲಿತಮಹಲಿನ ಕಡೆಗೆ ಹೋಗುವ ರಸ್ತೆ ಮನೆಮಂದಿಯ ಸವಾರಿಗೆ ತಕ್ಕುದು. ದೂರ ಕೆಲವೇ ಕಿಲೋಮೀಟರು; ಬಲಕ್ಕೆ ಬೆಟ್ಟ, ಎದುರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಶಂಕುಸ್ಥಾಪನೆ ಮಾಡಿದ ಬಿಳಿಯ ಅರಮನೆ. ಭಾನುವಾರ ಬೆಳಗಿನ ಏಳು ಗಂಟೆಯೊಳಗೆ ಹೊರಟರೆ ವಾಹನಗಳ ಕಾಟವಿರುವುದಿಲ್ಲ. ಒಬ್ಬ ಹಿರಿಯರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ, ಹೀಗೆ ಸಾಲಾಗಿ ಸಾಗಬೇಕು. ಹೊರಡುವ ಮುನ್ನ ಬ್ರೇಕನ್ನೂ ಗಾಳಿಯನ್ನೂ ಪರೀಕ್ಷಿಸುವ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಿ. ಯಂತ್ರವನ್ನು ಕಾಪಾಡಿಕೊಳ್ಳುವ ಶಿಸ್ತು ತಾನಾಗಿಯೇ ಬರುತ್ತದೆ.

ಹಿಂದಿರುಗುವಾಗ ಸೈಕಲ್ಲುಗಳನ್ನು ನಿಲ್ಲಿಸಿ ಕಾರಂಜಿ ಕೆರೆಯ ಆವರಣದಲ್ಲಿ ಸುತ್ತಾಡಬಹುದು. ಅಲ್ಲಿ ಒಳಗೆ ನಡೆದು ಹೋಗಬಹುದಾದ ದೊಡ್ಡ ಪಕ್ಷಿಗೃಹವಿದೆ. ದಡದಲ್ಲೇ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. ಮಂಗಳವಾರ ಕೆರೆ ಆವರಣಕ್ಕೆ ರಜೆ ಎಂಬುದು ನೆನಪಿರಲಿ.

ಬೆಟ್ಟದ ಮೆಟ್ಟಿಲು

ಮೂರು ವಾರಗಳ ಅಭ್ಯಾಸದ ಬಳಿಕ ಬೆಟ್ಟಕ್ಕೆ ಹೊರಡಬಹುದು. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮಿಗಿಲಾದ ಎತ್ತರಕ್ಕೆ ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳು. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದ ಕೊಡುಗೆ ಇದು. ಮೂರರಲ್ಲಿ ಎರಡು ಪಾಲು ಏರಿದಾಗ ಅದೇ ಕಾಲದ ಏಕಶಿಲಾ ನಂದಿ ಎದುರಾಗುತ್ತದೆ. ಹದಿನೈದು ಅಡಿಗೂ ಮಿಕ್ಕ ಎತ್ತರದ ಈ ಬಸವನ ಕೊರಳ ಗಂಟೆಗಳನ್ನು ಎಣಿಸುವಷ್ಟರಲ್ಲಿ ಮಕ್ಕಳ ದಣಿವು ಮಾಯವಾಗಿರುತ್ತದೆ. ತಪ್ಪಲಿನಲ್ಲೇ ಸುತ್ತೂರು ಶ್ರೀಮಠವಿರುವುದರಿಂದ, ಶ್ರೀಮಠಕ್ಕೆ ಬರುವ ಊರ ಕಡೆಯ ಬಂಧುಗಳೂ ಒಂದು ಬೆಳಗನ್ನು ಬೆಟ್ಟಕ್ಕೆ ಮೀಸಲಿಡಬಹುದು.

ಚೆನ್ನಾಗಿ ಬೆಳಕು ಹರಿದ ಮೇಲೆಯೇ ಹತ್ತಬೇಕು. ಇದು ಕಾಯ್ದಿಟ್ಟ ಅರಣ್ಯ, ಚಿರತೆಗಳೂ ಇವೆ. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು. ಹಿರಿಯರು ಮೊದಲ ಸಲ ನಂದಿಯವರೆಗೆ ಮಾತ್ರ ಏರಿ ಮರಳಿದರೆ ಸಾಕು. ಮೇಲಿನಿಂದ ಇಳಿಯುವುದು ಮಂಡಿಗೆ ಹೆಚ್ಚು ಶ್ರಮ. ಹತ್ತಿಹೋಗಿ ನಗರ ಸಾರಿಗೆ ಬಸ್ಸಿನಲ್ಲಿ ಇಳಿಯುವುದು ಜಾಣತನ. ಆಷಾಢ ಶುಕ್ರವಾರಗಳ ಜನಜಂಗುಳಿಯಲ್ಲಿ ಪುಟ್ಟ ಮಕ್ಕಳನ್ನು ಕರೆದೊಯ್ಯದಿರುವುದೇ ಒಳ್ಳೆಯದು.

ಹಗುರವಾಗಿ ನಡೆಯೋಣ

2021ರ ಅಕ್ಟೋಬರಿನ ಮಳೆಗೆ ನಂದಿಯ ಸಮೀಪದ ರಸ್ತೆ ಕುಸಿದುದನ್ನು ಮೈಸೂರಿಗರು ಮರೆತಿಲ್ಲ. ಬೆಟ್ಟಕ್ಕೆ ಹಗ್ಗದ ಹಾದಿ, ಅಂದರೆ ರೋಪ್‌ವೇ, ನಿರ್ಮಿಸುವ ಪ್ರಸ್ತಾಪವನ್ನು ನಾಗರಿಕರ ವಿರೋಧದ ನಡುವೆ 2022ರಲ್ಲಿ ಸರ್ಕಾರ ಕೈಬಿಟ್ಟಿತು. ಸಾವಿರಾರು ಪಾದಗಳನ್ನು ಮೂರೂವರೆ ಶತಮಾನ ಹೊತ್ತ ಬೆಟ್ಟ, ಕಾಂಕ್ರೀಟು ಮತ್ತು ವಾಹನಗಳ ಹೊರೆಯನ್ನು ಎಷ್ಟು ಕಾಲ ಹೊರಬಲ್ಲದು? ಕೆರೆಗಳ ಕಥೆಯೂ ಭಿನ್ನವಲ್ಲ. ನೀರು ತರುತ್ತಿದ್ದ ಕಾಲುವೆಗಳು ಬಡಾವಣೆಗಳ ನಡುವೆ ಕಳೆದುಹೋದರೆ, ಚರಂಡಿಯ ನೀರೇ ಕೆರೆಗೆ ದಿಕ್ಕಾಗುತ್ತದೆ.

ಇದನ್ನು ತಡೆಯುವ ಶಕ್ತಿ ಕಾನೂನಿಗಿಂತ ಮಿಗಿಲಾಗಿ ನಿತ್ಯವೂ ಅಲ್ಲಿ ನಡೆದಾಡುವ ಜನರಿಗಿದೆ. ನೀರಿನ ಬಣ್ಣ ಕೆಟ್ಟುದನ್ನು, ಮರವೊಂದು ಕಡಿದುಹೋದುದನ್ನು ಮೊದಲು ಕಾಣುವವರು ಅವರೇ. ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುವ ತಾಯಂದಿರು ಅದರ ಪ್ಲಾಸ್ಟಿಕ್ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದರೆ, ಅದೂ ಪೂಜೆಯ ಒಂದು ಭಾಗವೇ. ಸ್ಟೀಲಿನ ಡಬ್ಬಿಯಲ್ಲಿ ಅವಲಕ್ಕಿ, ಹಳೆಯ ಬಾಟಲಿಯಲ್ಲಿ ಮನೆಯ ನೀರು, ಕಸಕ್ಕೊಂದು ಬಟ್ಟೆಯ ಚೀಲ, ಇಷ್ಟು ಸಿದ್ಧತೆ ಸಾಕು.

ಬೆಟ್ಟ ಕೆರೆಗಳು ನಾಳಿನ ಮಕ್ಕಳಿಗೂ ಉಳಿಯಬೇಕಾದರೆ ಇಂದಿನ ಮಕ್ಕಳು ಅವುಗಳ ಮೇಲೆ ಹೆಜ್ಜೆಯಿಡಬೇಕು. ಬರುವ ಭಾನುವಾರ ಮನೆಮಂದಿಯೆಲ್ಲ ಒಂದು ತಾಸು ಬೇಗ ಏಳೋಣ. ಮೊದಲ ಸುತ್ತು ಕುಕ್ಕರಹಳ್ಳಿಯದಾಗಲಿ.