ಲಾಭವನ್ನೆಣಿಸದ ಭಾಷಾಭ್ಯಾಸ

ನಮ್ಮ ಜತ್ತ ತಾಲೂಕಿನ ಬಾಲಕನಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್. ಇವೆಲ್ಲ ವ್ಯವಹಾರಕ್ಕೂ ಪರೀಕ್ಷೆಗೂ ಬೇಕಾದವು. ಹೀಗಿರಲು, ಇಲ್ಲಿ ಯಾರೂ ಆಡದ ದೂರದೇಶದ ಭಾಷೆಯೊಂದನ್ನು ಕಲಿತು ಫಲವೇನೆಂದು ಕೆಲವರು ಕೇಳಬಹುದು.

ನಮ್ಮಂತೆಯೇ ಗಡಿನಾಡಾದ ಕಾಸರಗೋಡಿನ ಕಡೆಗೆ ನೋಡೋಣ. ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩) ಪದವೀಧರರಲ್ಲ. ಆದರೂ ಸ್ವಂತ ಆಸಕ್ತಿಯಿಂದ ಗ್ರೀಕ್, ಲ್ಯಾಟಿನ್ ಮೊದಲಾದ ಅನೇಕ ಭಾಷೆಗಳನ್ನು ಅಭ್ಯಸಿಸಿದರು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯ ಪಾತ್ರಗಳು ಗ್ರೀಕರಿಗೆ ತಿಳಿಯದ ಮಾತುಗಳನ್ನಾಡುತ್ತವೆ. ಅವು ಕನ್ನಡವಿರಬೇಕೆಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ ೧೯೦೪ರಲ್ಲಿ ಸೂಚಿಸಿದರು. ಪೈಗಳೂ ಈ ವಿಷಯವನ್ನು ಚರ್ಚಿಸಿದರು. ತುಳುವೆನ್ನುವವರೂ ಉಂಟು, ವಾದವಿನ್ನೂ ಮುಗಿದಿಲ್ಲ. ಸಂತೋಷಕ್ಕಾಗಿ ಗ್ರೀಕ್ ಕಲಿತವನಿಗೆ ಆ ದೂರದ ಹಾಳೆಯಲ್ಲಿ ತನ್ನ ನೆರೆಮನೆಯ ದನಿಯನ್ನು ತಾನೇ ಅರಸುವ ಭಾಗ್ಯ!

ವಿದ್ಯಾರ್ಥಿಗಳೇ, ಭಾಷೆಯನ್ನಾರಿಸುವ ಮುನ್ನ ಮೂಲದಲ್ಲಿಯೇ ಓದಬೇಕೆನಿಸುವ ಗ್ರಂಥವೊಂದನ್ನು ಆರಿಸಿರಿ. ಮೊದಲು ಲಿಪಿ, ಬಳಿಕ ಚಿಕ್ಕ ವ್ಯಾಕರಣ, ಜೊತೆಗೊಂದು ನಿಘಂಟು. ದಿನಕ್ಕೆ ಅರ್ಧ ಗಂಟೆ. ಇದಕ್ಕೆ ಅಂಕಗಳಿಲ್ಲ, ಆದುದರಿಂದ ಅನುತ್ತೀರ್ಣರಾಗುವ ಭಯವೂ ಇಲ್ಲ. ಪರೀಕ್ಷೆಗಾಗಿ ಕಲಿತುದು ಪರೀಕ್ಷೆಯೊಡನೆ ಮರೆಯಾಗುವುದುಂಟು; ಪ್ರೀತಿಯಿಂದ ಕಲಿತುದು ಬಾಳಿನುದ್ದಕ್ಕೂ ಜೊತೆಗಿರುತ್ತದೆ.