ಪ್ರವೇಶ ಪರೀಕ್ಷೆಗಳಲ್ಲಿ ತರ್ಕದೋಷ

ಪುಣೆಯ ಸಿಂಬಯಾಸಿಸ್ ವಿಶ್ವವಿದ್ಯಾಲಯದ ‘ಸ್ನ್ಯಾಪ್’, ಐ.ಐ.ಎಂ.ಗಳ ‘ಕ್ಯಾಟ್’ ಮುಂತಾದ ಪ್ರವೇಶ ಪರೀಕ್ಷೆಗಳಲ್ಲಿ ತರ್ಕದ ಪ್ರಶ್ನೆಗಳಿರುತ್ತವೆ. ಬುದ್ಧಿವಂತ ಮಕ್ಕಳೂ ಇಲ್ಲಿ ಅವಸರದಿಂದ ಎಡವಿ, ದೊರೆಯಬಹುದಾದ ಸ್ಥಾನವನ್ನು ಕಳೆದುಕೊಳ್ಳುವುದುಂಟು.

ಉದಾಹರಣೆಗೆ, ‘ಮಧುಮೇಹ ಮಿತಿಮೀರಿದರೆ ಬಾಯಾರಿಕೆ ಹೆಚ್ಚುತ್ತದೆ, ರಾಯರಿಗೆ ಬಾಯಾರಿಕೆ ಹೆಚ್ಚಿದೆ, ಆದ್ದರಿಂದ ರಾಯರಿಗೆ ಮಧುಮೇಹವಿದೆ’ ಎಂಬ ವಾದವನ್ನು ಪರಿಶೀಲಿಸೋಣ. ಪುಣೆಯ ಏಪ್ರಿಲ್ ಬಿಸಿಲೂ ಬಾಯಾರಿಕೆಯನ್ನು ತರಬಲ್ಲದಷ್ಟೆ! ಸರಿಯಾದ ಕಾರಣದಂತೆ ತೋರಿ ಮೋಸಗೊಳಿಸುವ ಇಂಥ ಹೇತುವನ್ನು ನಮ್ಮ ನ್ಯಾಯಶಾಸ್ತ್ರವು ‘ಹೇತ್ವಾಭಾಸ’ವೆಂದು ಕರೆದಿದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡೇ ಇದಕ್ಕೆ ಸಾಕ್ಷಿ.

ಆದ್ದರಿಂದ ಉತ್ತರವನ್ನು ಗುರುತಿಸುವ ಮುನ್ನ, ‘ಇದಕ್ಕೆ ಬೇರೆ ಕಾರಣವಿರಬಹುದೇ?’ ಎಂದು ಕೇಳಿಕೊಳ್ಳುವುದು ಒಳಿತು. ಪಾಲಕರಾದ ನಮಗೂ ಈ ಅಭ್ಯಾಸ ಉಪಯುಕ್ತ. ಬಾಯಾರಿಕೆಯು ರೋಗಕ್ಕೆ ಪ್ರಮಾಣವಲ್ಲವಾದರೂ ಪರೀಕ್ಷೆಗೆ ಸಾಕಷ್ಟು ಕಾರಣವೇ ಸರಿ. ರಾಯರು ಊಹೆಯಿಂದ ಮಾತ್ರೆ ನುಂಗದೆ, ಉದಾಸೀನವನ್ನೂ ಮಾಡದೆ, ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.