ರಾಕ್ಸಿ ಬದಲಾದಳು, ಹೌಸ್‌ಫುಲ್ ಬೋರ್ಡು ಬಿತ್ತು

ರಂಗದ ನಟ್ಟನಡುವೆ ಬ್ಯಾಂಡು ಕೂತಿತ್ತು. ಒಂದರ ಮೇಲೊಂದು ಏರಿಸಿದ ಸಾಲುಗಳಲ್ಲಿ ಟ್ರಂಪೆಟ್, ಟ್ರಾಂಬೋನ್, ಬ್ಯಾಂಜೊ ಹಿಡಿದವರು. ಅವರ ಮುಂದೆ ಉಳಿದ ಒಂದಿಷ್ಟು ಜಾಗವೇ ನಟರ ಪಾಲು. ಜೈಲು, ಕೋರ್ಟು, ಮಲಗುವ ಕೋಣೆ ಎಲ್ಲವೂ ಅಷ್ಟರಲ್ಲೇ ಆಗಬೇಕು. ಸಾಮಾನೆಂದರೆ ಕೆಲವು ಕುರ್ಚಿ, ಏಣಿ. ಎಲ್ಲರ ಮೈಮೇಲೂ ಕಪ್ಪು ಬಟ್ಟೆ. ನ್ಯೂಯಾರ್ಕಿನ 49ನೇ ಬೀದಿಯ ಅಂಬಾಸಡರ್ ಥಿಯೇಟರಿನಲ್ಲಿ ‘ಶಿಕಾಗೊ’ ಸಂಗೀತ ನಾಟಕ ನೋಡಿ ಎಷ್ಟೋ ದಿನವಾದರೂ ಆ ಖಾಲಿ ರಂಗ ಕಣ್ಣಿನಿಂದ ಹೋಗಿಲ್ಲ. 1996ರ ನವೆಂಬರಿನಲ್ಲಿ ಶುರುವಾದ ಈ ಪ್ರದರ್ಶನ 11 ಸಾವಿರ ಆಟಗಳನ್ನು ದಾಟಿದೆ. ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳ ಬೀಡಾದ ಬ್ರಾಡ್‌ವೇಯಲ್ಲಿ ಇಂದು ನಡೆಯುತ್ತಿರುವ ಆಟಗಳಲ್ಲಿ ಇದೇ ಹಿರಿಯದು.

ನಾನು ಹೋದದ್ದು ಸೋಮವಾರ. ಬ್ರಾಡ್‌ವೇಯ ಬಹುಪಾಲು ಥಿಯೇಟರುಗಳಿಗೆ ಅದು ರಜೆಯ ದಿನ. ‘ಶಿಕಾಗೊ’ದವರು ಬಹಳ ವರ್ಷಗಳಿಂದ ಸೋಮವಾರ ಆಡುತ್ತಾರೆ, ಬುಧವಾರ ಬಿಡುವು ತೆಗೆದುಕೊಳ್ಳುತ್ತಾರೆ. ಊರಿಗೆ ಬಂದ ಪ್ರವಾಸಿಗೆ ಆ ಸಂಜೆ ಬೇರೆ ದಾರಿ ಕಡಿಮೆ, ಇವರಿಗೆ ಪೈಪೋಟಿಯೂ ಕಡಿಮೆ. ಟೈಮ್ಸ್ ಸ್ಕ್ವೇರಿನ ಕೆಂಪು ಮೆಟ್ಟಿಲುಗಳ ಕೆಳಗಿರುವ ಟಿಕೆಟಿಎಸ್ ಕೌಂಟರಿನಲ್ಲಿ 1973ರಿಂದಲೂ ಮಾರಾಟವಾಗದೆ ಉಳಿದ ಟಿಕೆಟುಗಳನ್ನು ರಿಯಾಯಿತಿ ದರದಲ್ಲಿ ಕೊಡುತ್ತಾರೆ. ಅಲ್ಲಿನ ಬೋರ್ಡಿನಲ್ಲಿ ‘ಶಿಕಾಗೊ’ ಹೆಸರು ಆಗಾಗ ಕಾಣುತ್ತದೆ. ಹಾಗೆ ಕಾಣುವುದನ್ನು ಸೋಲಿನ ಗುರುತೆಂದು ಹಲವರು ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಸರದಿಯಲ್ಲಿ ನನ್ನ ಮುಂದಿದ್ದವರು ಒಹಾಯೊದಿಂದ ಬಂದಿದ್ದ ನಿವೃತ್ತ ದಂಪತಿ. ಇದೇ ನಾಟಕವನ್ನು ಅವರು ಹಿಂದೆಯೂ ನೋಡಿದ್ದರು. ಮತ್ತೆ ಯಾಕೆ ಎಂದು ಕೇಳಿದೆ. “ನಾಟಕ ಅದೇ, ಆದರೆ ನಾಯಕಿ ರಾಕ್ಸಿ ಅವಳಲ್ಲವಲ್ಲ! ಮೆಲನಿ ಗ್ರಿಫಿತ್‌ಳನ್ನು ನೋಡಿದ್ದೇವೆ, ಪಮೇಲಾ ಆಂಡರ್ಸನ್‌ಳನ್ನು ನೋಡಿದ್ದೇವೆ” ಎಂದರು ಆಕೆ. ಥಿಯೇಟರಿನಲ್ಲಿ ಕೊಡುವ ಪುಸ್ತಿಕೆ ಪ್ಲೇಬಿಲ್ಲನ್ನು ಪ್ರತಿ ಸಲವೂ ತಂದು ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರಂತೆ. ಈ ನಾಟಕ ಹೇಗೆ ಬದುಕಿದೆ ಎನ್ನುವುದು ನನಗೆ ತಿಳಿದದ್ದು ಆ ಸರದಿಯಲ್ಲೇ.

ಪತ್ರಿಕೆಗಳು ವಾರ ವಾರ ಅಚ್ಚು ಹಾಕುವುದು ಕಲೆಕ್ಷನ್ನಿನ ಲೆಕ್ಕವನ್ನು. 2024-25ರ ಸಾಲಿನಲ್ಲಿ ಬ್ರಾಡ್‌ವೇ ಸುಮಾರು 189 ಕೋಟಿ ಡಾಲರ್ ಗಳಿಸಿತು, ಅದು ಅಲ್ಲಿಯವರೆಗಿನ ದಾಖಲೆ. ಜಾರ್ಜ್ ಕ್ಲೂನಿ ಇದ್ದ ‘ಗುಡ್ ನೈಟ್, ಅಂಡ್ ಗುಡ್ ಲಕ್’ ಒಂದೇ ವಾರದಲ್ಲಿ 40 ಲಕ್ಷ ಡಾಲರ್ ದಾಟಿತು. ಡೆನ್ಜೆಲ್ ವಾಷಿಂಗ್ಟನ್‌ರ ‘ಒಥೆಲೊ’ಗೆ ಒಂದು ಸೀಟಿಗೆ 900 ಡಾಲರ್ ಮೀರಿ ಕೊಟ್ಟವರಿದ್ದರು. ಇಂಥ ಅಂಕಿಗಳು ತಲೆಬರಹಕ್ಕೆ ಒಪ್ಪುತ್ತವೆ. ಆದರೆ ಒಂದು ನಾಟಕ ಉಳಿಯುತ್ತದೋ ಬೀಳುತ್ತದೋ ಎಂದು ಹೇಳಬೇಕಾದರೆ ನೋಡಬೇಕಾದ್ದು ಇನ್ನೊಂದು ಅಂಕಿ: ವಾರಕ್ಕೆ ಎಂಟು ಆಟ ಆಡಲು ತಗಲುವ ಖರ್ಚು.

‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ 1988ರಿಂದ ಮೆಜೆಸ್ಟಿಕ್ ಥಿಯೇಟರಿನಲ್ಲಿ ನಡೆದು 13,981 ಆಟ ಕಂಡಿತು. 27 ವಾದ್ಯಗಾರರು, ಪ್ರತಿ ಆಟದಲ್ಲೂ ಕೆಳಗೆ ಬೀಳುವ ದೊಡ್ಡ ತೂಗುದೀಪ, ರಾಶಿ ರಾಶಿ ವೇಷಭೂಷಣ. ಕೊರೊನಾ ನಂತರ ಅದರ ವಾರದ ಖರ್ಚು ಹತ್ತು ಲಕ್ಷ ಡಾಲರಿನ ಹತ್ತಿರಕ್ಕೆ ಹೋಯಿತು. ಕಲೆಕ್ಷನ್ ಬಹಳ ವಾರಗಳಲ್ಲಿ ಅದರ ಕೆಳಗೇ ಉಳಿಯಿತು. ನಿಲ್ಲಿಸುತ್ತೇವೆಂದು ಹೇಳಿದ್ದೇ ತಡ, ಜನ ನುಗ್ಗಿದರು. ಕೊನೆಯ ದಿನಾಂಕವನ್ನೇ ಮುಂದಕ್ಕೆ ಹಾಕಬೇಕಾಯಿತು. 2023ರ ಏಪ್ರಿಲ್ 16ಕ್ಕೆ ಕೊನೆಯ ಆಟ. ‘ಸ್ಪೈಡರ್‌ಮ್ಯಾನ್’ ಸಂಗೀತ ನಾಟಕಕ್ಕೆ 7.5 ಕೋಟಿ ಡಾಲರ್ ಸುರಿದಿದ್ದರು. ಎರಡೂವರೆ ವರ್ಷ ಜನರನ್ನು ಕರೆತಂದರೂ ಹಾಕಿದ ಹಣ ಹುಟ್ಟಲಿಲ್ಲ. ಎ. ಆರ್. ರೆಹಮಾನ್ ಸಂಗೀತದ ‘ಬಾಂಬೆ ಡ್ರೀಮ್ಸ್’ ಮೇಲೆ ನನಗೆ ಈಗಲೂ ಮಮತೆ. ಲಂಡನ್ನಿನಲ್ಲಿ ಎರಡು ವರ್ಷ ಚೆನ್ನಾಗಿಯೇ ಓಡಿದ ಅದು 2004ರಲ್ಲಿ ಸುಮಾರು 1.4 ಕೋಟಿ ಡಾಲರ್ ವೆಚ್ಚದಲ್ಲಿ ನ್ಯೂಯಾರ್ಕಿಗೆ ಬಂದು, 284 ಆಟಗಳಿಗೆ ಮುಗಿಯಿತು.

‘ಶಿಕಾಗೊ’ದ ಈಗಿನ ರೂಪ ಹುಟ್ಟಿದ್ದು ಹಳೆಯ ಸಂಗೀತ ನಾಟಕಗಳನ್ನು ಕೆಲವೇ ದಿನ ಕಛೇರಿಯ ಹಾಗೆ ಆಡುವ ‘ಎನ್‌ಕೋರ್ಸ್’ ಎಂಬ ಸರಣಿಯಲ್ಲಿ. ಅದಕ್ಕೇ ಬ್ಯಾಂಡು ರಂಗದ ಮೇಲೆ, ಅದಕ್ಕೇ ಸೆಟ್ ಇಲ್ಲ. ಅದನ್ನು ಹಾಗೆಯೇ ಎತ್ತಿ ಬ್ರಾಡ್‌ವೇಗೆ ತಂದ ನಿರ್ಮಾಪಕ ವೈಸ್ಲರ್ ದಂಪತಿಗೆ ತಗಲಿದ್ದು ಸುಮಾರು 25 ಲಕ್ಷ ಡಾಲರ್. ದೊಡ್ಡ ಸೆಟ್ಟಿನ ನಾಟಕಗಳು ಉಸಿರು ಕಟ್ಟಿ ನಿಲ್ಲುವಷ್ಟು ಕಲೆಕ್ಷನ್ನಿನಲ್ಲಿ ಇದು ನೆಮ್ಮದಿಯಾಗಿ ನಡೆಯುತ್ತದೆ.

ಇದರ ಹಿಂದಿನ ಜನ್ಮದ ಕತೆ ಹೇಳದೆ ಇರಲಾರೆ. 1975ರಲ್ಲಿ ಬಾಬ್ ಫಾಸಿ ನಿರ್ದೇಶಿಸಿದ ಮೂಲ ‘ಶಿಕಾಗೊ’ 936 ಆಟ ಕಂಡಿತು. ಸಣ್ಣ ಸಂಖ್ಯೆಯೇನಲ್ಲ. ಆದರೆ ಅದೇ ಬೇಸಿಗೆಯಲ್ಲಿ ‘ಎ ಕೋರಸ್ ಲೈನ್’ ಬ್ರಾಡ್‌ವೇಗೆ ಬಂತು. ರಂಗಭೂಮಿಯ ಟೋನಿ ಪ್ರಶಸ್ತಿಗೆ ‘ಶಿಕಾಗೊ’ಗೆ 11 ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಒಂದೂ ಬರಲಿಲ್ಲ. ‘ಕೋರಸ್ ಲೈನ್’ 9 ಬಾಚಿಕೊಂಡಿತು. ಆಗ ‘ಶಿಕಾಗೊ’ ನಡೆದದ್ದು 46ನೇ ಬೀದಿ ಥಿಯೇಟರಿನಲ್ಲಿ. 21 ವರ್ಷದ ಬಳಿಕ ಮರುಪ್ರದರ್ಶನ ಶುರುವಾದದ್ದೂ ಅದೇ ಕಟ್ಟಡದಲ್ಲಿ. ಅಷ್ಟರಲ್ಲಿ ಅದಕ್ಕೆ ರಿಚರ್ಡ್ ರಾಜರ್ಸ್ ಎಂಬ ಹೊಸ ಹೆಸರು ಬಂದಿತ್ತು. ಈಗ ಅಲ್ಲಿ ‘ಹ್ಯಾಮಿಲ್ಟನ್’ ನಡೆಯುತ್ತಿದೆ. 1997ರಲ್ಲಿ ‘ಶಿಕಾಗೊ’ ಶುಬರ್ಟ್ ಥಿಯೇಟರಿಗೆ ಹೋಯಿತು. ‘ಕೋರಸ್ ಲೈನ್’ 15 ವರ್ಷ ಬೀಡುಬಿಟ್ಟಿದ್ದ ಮನೆ ಅದು. ಅದೇ ವರ್ಷ 6 ಟೋನಿಗಳೂ ಬಂದವು. 2003ರಲ್ಲಿ ಅಂಬಾಸಡರಿಗೆ ಬಂದದ್ದು ಇನ್ನೂ ಕದಲಿಲ್ಲ. ಎದುರಾಳಿಯ ಮನೆಗೇ ಹೋಗಿ ಗೆದ್ದ ಈ ಸಂಗತಿ ನೆನೆದಾಗಲೆಲ್ಲ ನನಗೆ ರೋಮಾಂಚನ.

ಅದೇ ನಾಟಕ, ಅವೇ ಹಾಡು. 1975ರಲ್ಲಿ ಜನರಿಗೆ ಕಹಿ ಎನ್ನಿಸಿದ್ದು 1996ರಲ್ಲಿ ರುಚಿಸಿದ್ದೇಕೆ? ಕತೆ ನಿಮಗೆ ಗೊತ್ತು: ಪ್ರಿಯಕರನನ್ನು ಗುಂಡಿಕ್ಕಿ ಕೊಂದ ರಾಕ್ಸಿಯನ್ನು ಪತ್ರಿಕೆಗಳು ತಾರೆ ಮಾಡುತ್ತವೆ, ವಕೀಲ ಬಿಲ್ಲಿ ಫ್ಲಿನ್ ಆಕೆಯನ್ನು ಬಿಡಿಸುತ್ತಾನೆ. 1924ರ ಎರಡು ನಿಜ ಮೊಕದ್ದಮೆಗಳ ವರದಿ ಮಾಡಿದ್ದ ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆಯ ಮಾರೀನ್ ವಾಟ್ಕಿನ್ಸ್ ಬರೆದ ನಾಟಕ ಇದರ ಬೇರು. ಅವರು ಬದುಕಿರುವತನಕ ಇದನ್ನು ಸಂಗೀತ ನಾಟಕ ಮಾಡಲು ಹಕ್ಕು ಕೊಡಲೇ ಇಲ್ಲ. 1969ರಲ್ಲಿ ಅವರು ತೀರಿಕೊಂಡ ಮೇಲೆಯೇ ಅದು ಸಿಕ್ಕಿದ್ದು. ಮರುಪ್ರದರ್ಶನದ ಹಿಂದಿನ ವರ್ಷ ಅಮೆರಿಕದವರೆಲ್ಲ ಟಿವಿ ಮುಂದೆ ಕೂತು ಒ. ಜೆ. ಸಿಂಪ್ಸನ್ ಕೊಲೆ ಮೊಕದ್ದಮೆಯ ವಿಚಾರಣೆ ನೋಡಿದ್ದರು. ಬಿಲ್ಲಿ ಫ್ಲಿನ್ ಎಂಥವನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. 2002ರ ಸಿನಿಮಾ ಆಸ್ಕರ್ ಗೆದ್ದು, ಹೆಸರೇ ಕೇಳದಿದ್ದವರನ್ನೂ ಟಿಕೆಟ್ ಕಿಟಕಿಗೆ ತಂದಿತು.

ಇನ್ನು ತಾರೆಯರ ವಿಷಯ. ಬ್ರೂಕ್ ಶೀಲ್ಡ್ಸ್, ಹಾಡುಗಾರ ಅಶರ್, ಟಿವಿಯ ಜೆರ‍್ರಿ ಸ್ಪ್ರಿಂಗರ್, ಜಪಾನಿನ ರ‍್ಯೋಕೊ ಯೊನೆಕುರಾ, ಡ್ರ್ಯಾಗ್ ಕಲಾವಿದೆ ಜಿಂಕ್ಸ್ ಮಾನ್ಸೂನ್. ಕೆಲವು ವಾರಕ್ಕೊಬ್ಬರು ಬರುತ್ತಾರೆ, ಕಲೆಕ್ಷನ್ ಏರುತ್ತದೆ, ಅವರು ಹೋಗುತ್ತಾರೆ. ಇದನ್ನು ಅಗ್ಗದ ಗಿಮಿಕ್ ಎಂದು ಮೂಗು ಮುರಿಯುವ ವಿಮರ್ಶಕರ ಜೊತೆ ನನಗೆ ಜಗಳವಿದೆ. ಈ ಪದ್ಧತಿ ಮೊದಲ ‘ಶಿಕಾಗೊ’ದಲ್ಲೇ ಇತ್ತು. 1975ರಲ್ಲಿ ರಾಕ್ಸಿಯಾಗಿದ್ದ ಗ್ವೆನ್ ವರ್ಡನ್‌ಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದಾಗ ಲೀಸಾ ಮಿನೆಲ್ಲಿ ಕೆಲವು ವಾರ ಆ ಪಾತ್ರಕ್ಕಿಳಿದರು. ಕುಂಟುತ್ತಿದ್ದ ಟಿಕೆಟ್ ಮಾರಾಟಕ್ಕೆ ಜೀವ ಬಂತು. ಅದಕ್ಕಿಂತ ಮುಖ್ಯವಾದದ್ದು ರಾಕ್ಸಿ ಯಾರು ಎನ್ನುವುದು. ದೊಡ್ಡ ಹಾಡುಗಾರ್ತಿಯಲ್ಲ, ದೊಡ್ಡ ನರ್ತಕಿಯೂ ಅಲ್ಲ. ಹೆಸರು ಬೇಕೆಂದು ಹಪಹಪಿಸುವ ಹೆಂಗಸು. ಪತ್ರಿಕೆಗಳು ಜೀವನದುದ್ದಕ್ಕೂ ಬೆನ್ನುಬಿದ್ದಿದ್ದ ಪಮೇಲಾ ಆಂಡರ್ಸನ್ 2022ರಲ್ಲಿ ಆ ಪಾತ್ರ ಹಾಕಿ ರಂಗಕ್ಕೆ ಬಂದಾಗ, ಪ್ರಚಾರದ ಗಿರಾಕಿಯನ್ನು ಕುರಿತ ನಾಟಕಕ್ಕೆ ಆಕೆಗಿಂತ ತಕ್ಕ ಸಾಕ್ಷಿ ಎಲ್ಲಿ ಸಿಗಬೇಕಿತ್ತು? ಬ್ರಾಡ್‌ವೇಯ ಪ್ರೇಕ್ಷಕರಲ್ಲಿ ಹೆಚ್ಚಿನವರು ಹೊರ ಊರಿನವರು. ಅವರು ಗೊತ್ತಿರುವ ಮುಖವನ್ನು ಹತ್ತಿರದಿಂದ ನೋಡಲು ಬರುತ್ತಾರೆ. ಆ ಹಂಬಲವನ್ನೇ ಈ ನಾಟಕ ಎರಡೂವರೆ ಗಂಟೆ ಬಿಚ್ಚಿ ತೋರಿಸುತ್ತದೆ.

ನಾನು ನೋಡಿದ ರಾತ್ರಿ ಅಂಥ ತಾರೆ ಯಾರೂ ಇರಲಿಲ್ಲ. ಒಹಾಯೊದವರ ಮುಖ ಸ್ವಲ್ಪ ಬಾಡಿತ್ತು. ಸುಮಾರು 1,100 ಸೀಟಿನ ಮನೆಯಲ್ಲಿ ಅಲ್ಲಲ್ಲಿ ಖಾಲಿ ಕುರ್ಚಿಗಳಿದ್ದವು. ಆದರೆ ರಾಕ್ಸಿಯಾದವಳು ವೃತ್ತಿಯ ರಂಗನಟಿ. ಫಾಸಿ ಶೈಲಿಯಲ್ಲಿ ಭುಜ ಒಂದಿಷ್ಟೇ ಕುಣಿಸಿ, ಮಣಿಕಟ್ಟು ತಿರುವಿ, ಇಡೀ ಸಾಲು ಒಂದೇ ಉಸಿರಿನಲ್ಲಿ ನಿಲ್ಲುವ ಆ ಬಿಗಿ ಹೆಸರಾಂತ ಅತಿಥಿಗಳಿಗೆ ಕೆಲವೇ ವಾರದ ತಾಲೀಮಿನಲ್ಲಿ ದಕ್ಕುವಂಥದ್ದಲ್ಲ. ತಾರೆಯರು ಹಣ ತರುತ್ತಾರೆ. ನಾಟಕವನ್ನು ಹೊತ್ತು ನಡೆಸುವವರು ಕೋರಸ್ಸಿನ ಇವರು.

ಬ್ರಾಡ್‌ವೇಯ 41 ಥಿಯೇಟರುಗಳಲ್ಲಿ ಒಂದನ್ನು ಹಳೆಯ ನಾಟಕವೇ ಇಷ್ಟು ವರ್ಷ ಹಿಡಿದುಕೊಂಡರೆ ಹೊಸಬರು ಎಲ್ಲಿಗೆ ಹೋಗಬೇಕು ಎಂಬ ಆಕ್ಷೇಪ ಇದೆ. ಆದರೆ 1921ರ ಅಂಬಾಸಡರ್ ಚಿಕ್ಕ ನಿವೇಶನದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದ ಮನೆ. ನೇಪಥ್ಯ ಇಕ್ಕಟ್ಟು. ದೊಡ್ಡ ಸೆಟ್ಟಿನ ಹೊಸ ಸಂಗೀತ ನಾಟಕಗಳು ಅಲ್ಲಿ ಹಿಡಿಸುವುದೇ ಕಷ್ಟ. ಕುರ್ಚಿ, ಏಣಿಗಳಲ್ಲೇ ಕೆಲಸ ಮುಗಿಸುವ ‘ಶಿಕಾಗೊ’ ಅಲ್ಲಿರುವುದರಿಂದ ಯಾರಿಗೂ ನಷ್ಟವಾದಂತೆ ನನಗೆ ಕಾಣುವುದಿಲ್ಲ. ಆ ಕಡೆ ಹೋಗುವವರಿದ್ದರೆ ತಾರೆ ಇಲ್ಲದ ವಾರ ನೋಡಿಕೊಂಡು ಹೋಗಿ. ಟಿಕೆಟ್ಟೂ ಅಗ್ಗ, ಕುಣಿತವೂ ಗಟ್ಟಿ.